ಸಣ್ಣ ಪೆಟ್ರೋಲ್ ಇಂಜಿನ್, ಕಲಬುರಗಿಯ ಧಗೆ: ಯಾವ ಹೈಬ್ರಿಡ್ ಬಾಳಿಕೆ ಬಂದೀತು?

"ಇಂಜಿನ್ ಮೂರೇ ಸಿಲಿಂಡರಿಂದು ಅದ, ಮ್ಯಾಲ ಬ್ಯಾಟ್ರಿ ಬ್ಯಾರೆ. ನಮ್ಮ ಬ್ಯಾಸಗಿಗಿ ತಾಳ್ತದೇನ್ರಿ?"

ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಕಾರು, ನೋಡಲು ಹೊರಟವರು ನಮ್ಮ ಕಡೆ ಮೊದಲು ಕೇಳುವುದೇ ಇದನ್ನು. ಕೇಳಬೇಕಾದ ಪ್ರಶ್ನೆಯೇ ಹೌದು. ಆದರೆ ಶೋರೂಮಿನಲ್ಲಿ ಇದಕ್ಕೆ ಉತ್ತರವಾಗಿ ಮೈಲೇಜಿನ ಅಂಕಿ ಕೊಟ್ಟು ಕಳಿಸುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ ಊರಿನಲ್ಲಿ, ಫರಸಿ ಕಲ್ಲಿನ ಪುಡಿ ಮತ್ತು ಸಿಮೆಂಟಿನ ಧೂಳು ಹಾರುವ ರಸ್ತೆಗಳಲ್ಲಿ, ದಿನಕ್ಕೆ ನಾಲ್ಕೈದು ಕಿಲೋಮೀಟರಿನ ತುಂಡು ತುಂಡು ಓಡಾಟದಲ್ಲಿ ಯಾವ ಇಂಜಿನ್ ಹತ್ತು ವರ್ಷ ನೆಮ್ಮದಿಯಾಗಿ ನಡೆದೀತು ಎಂಬುದನ್ನು ಮೈಲೇಜಿನ ಅಂಕಿ ಹೇಳುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೈಬ್ರಿಡ್‌ನೊಳಗಿನ ಸಣ್ಣ ಪೆಟ್ರೋಲ್ ಇಂಜಿನ್ ತಾಳುತ್ತದೆ, ಅದರ ಬಗ್ಗೆ ಹೆದರಬೇಡಿ. ಹೆದರಬೇಕಾದದ್ದು ಅದರ ಸುತ್ತಲಿನ ಸಣ್ಣ ಸಣ್ಣ ಸಂಗತಿಗಳಿಗೆ. ಕೊಳ್ಳಬೇಕೋ ಬೇಡವೋ ಎಂಬುದು ಮಾತ್ರ ಇಂಜಿನ್ ಮೇಲೆ ನಿಂತಿಲ್ಲ. ತಿಂಗಳಲ್ಲಿ ನಿಮ್ಮ ಗಾಡಿ ಎಷ್ಟು ಕಿಲೋಮೀಟರ್ ನಿಂತು ನಿಂತು ಓಡುತ್ತದೆ ಎಂಬುದರ ಮೇಲೆ ನಿಂತಿದೆ.

ಯಾವುದಕ್ಕೆ ಯಾವುದನ್ನು ಹೋಲಿಸುತ್ತಿದ್ದೇವೆ

ಸ್ಟ್ರಾಂಗ್ ಹೈಬ್ರಿಡ್ ಎಂದರೆ ಬರೀ ಮೋಟರಿನಿಂದಲೂ ಚಕ್ರ ತಿರುಗಿಸಬಲ್ಲ ಗಾಡಿ. 2022ರಲ್ಲಿ ಬಂದ ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಈ ಬಗೆಯವು. ಎರಡಕ್ಕೂ ಒಂದೇ ಹೃದಯ: 1490 ಸಿಸಿಯ ಮೂರು ಸಿಲಿಂಡರಿನ ಟೊಯೊಟಾ ಇಂಜಿನ್, ಸುಮಾರು 92 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ಮೋಟರೂ ಕೂಡಿದಾಗ ಒಟ್ಟು 116 ಪಿಎಸ್ ಹತ್ತಿರ. ಬಂದ ಹೊಸತರಲ್ಲಿ ಎರಡೂ ನಮ್ಮದೇ ರಾಜ್ಯದ ಬಿಡದಿಯಲ್ಲಿ ತಯಾರಾದವು. ಅದೇ ವರ್ಷ ಬಂದ ಹೋಂಡಾ ಸಿಟಿ ಇ-ಎಚ್‌ಇವಿ ಕೂಡ ಸ್ಟ್ರಾಂಗ್ ಹೈಬ್ರಿಡ್, ಅದರದ್ದು ನಾಲ್ಕು ಸಿಲಿಂಡರಿನ 1498 ಸಿಸಿ ಇಂಜಿನ್.

ಮೈಲ್ಡ್ ಹೈಬ್ರಿಡ್‌ನಲ್ಲಿ ಡೈನಮೊ ಜಾಗದಲ್ಲಿ ಸ್ವಲ್ಪ ದೊಡ್ಡ ಯಂತ್ರವೊಂದು ಕೂತು, ಬೆಲ್ಟಿನ ಮೂಲಕ ಇಂಜಿನ್‌ಗೆ ಚೂರು ಕೈಜೋಡಿಸುತ್ತದೆ. ಬರೀ ಕರೆಂಟಿನಲ್ಲಿ ಅದು ಗಾಡಿಯನ್ನು ಓಡಿಸಲಾರದು. ಮಾರುತಿಯ ಬ್ರೆಝಾ, ಎರ್ಟಿಗಾ, ಗ್ರ್ಯಾಂಡ್ ವಿಟಾರಾ, ಅತ್ತ ಹೈರೈಡರ್‌ನ ಕಡಿಮೆ ಬೆಲೆಯ ಮಾದರಿಗಳಲ್ಲಿ ಬಂದ ನಾಲ್ಕು ಸಿಲಿಂಡರಿನ ಕೆ15ಸಿ ಇಂಜಿನ್ ಈ ಪೈಕಿ. ಫ್ರಾಂಕ್ಸ್‌ನ 1 ಲೀಟರ್ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ಒತ್ತುವ ಚಕ್ರವಿರುವ ಇಂಜಿನ್) ಕೂಡ ಇದೇ ಗುಂಪಿಗೆ ಸೇರುತ್ತದೆ.

ಇನ್ನು ಹೈಬ್ರಿಡ್ ಏನೂ ಇಲ್ಲದ ಸಾದಾ 1.2 ಲೀಟರ್ ಇಂಜಿನ್. ವ್ಯಾಗನ್ ಆರ್, ಬಲೆನೊಗಳಲ್ಲಿ ಬಂದ ನಾಲ್ಕು ಸಿಲಿಂಡರಿನ ಕೆ12ಎನ್ ಮತ್ತು 2024ರ ಸ್ವಿಫ್ಟ್, ಡಿಜೈರ್‌ಗಳೊಂದಿಗೆ ಬಂದ ಮೂರು ಸಿಲಿಂಡರಿನ ಝಡ್12ಇ. ಇವನ್ನು ಹೋಲಿಕೆಯಿಂದ ಬಿಟ್ಟರೆ ಲೆಕ್ಕ ಪ್ರಾಮಾಣಿಕವಾಗುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಬಹಳ ಜನಕ್ಕೆ ಕೊನೆಗೆ ಒಗ್ಗುವುದು ಇದೇ.

ಜಪಾನಿನಲ್ಲಿ 1.2 ಲೀಟರ್ ಇಂಜಿನ್ನಿನ ಸಣ್ಣ ಹೈಬ್ರಿಡ್ ಕಾರುಗಳು ಆಗಲೇ ಓಡಾಡುತ್ತಿವೆ. 2016ರಲ್ಲಿ ಬಂದ ನಿಸ್ಸಾನ್ ನೋಟ್ ಇ-ಪವರ್, 2021ರಲ್ಲಿ ಬಂದ ದೈಹಾತ್ಸು ರಾಕಿ ಹೈಬ್ರಿಡ್ ಅಂಥವು. ಎರಡರಲ್ಲೂ ಇಂಜಿನ್ ಕರೆಂಟ್ ಹುಟ್ಟಿಸುವುದಕ್ಕಷ್ಟೇ, ಚಕ್ರ ತಿರುಗಿಸುವುದು ಮೋಟರ್. ನಮ್ಮಲ್ಲಿ 2025ರ ಕೊನೆಯವರೆಗೂ ನಾಲ್ಕು ಮೀಟರ್ ಒಳಗಿನ ಸ್ಟ್ರಾಂಗ್ ಹೈಬ್ರಿಡ್ ಮಾರಾಟಕ್ಕೆ ಬಂದಿರಲಿಲ್ಲ. ತೆರಿಗೆಯ ಬಾಗಿಲು ಮಾತ್ರ ತೆರೆದೇ ಇದೆ. 2025ರ ಸೆಪ್ಟೆಂಬರ್ 22ರಿಂದ 1200 ಸಿಸಿ ಮತ್ತು ನಾಲ್ಕು ಮೀಟರ್ ದಾಟದ ಪೆಟ್ರೋಲ್ ಹೈಬ್ರಿಡ್‌ಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. ಕಲಬುರಗಿಯಂಥ ಊರಿಗೆ ನಿಜಕ್ಕೂ ಬೇಕಾದದ್ದು ಆ ಸಣ್ಣ ಗಾತ್ರದ್ದೇ. ಅದು ಬರುವವರೆಗೆ ಇರುವುದರಲ್ಲಿ ಆರಿಸಬೇಕು.

ಹೈಬ್ರಿಡ್ ಇಂಜಿನ್‌ಗೆ ಕೆಲಸ ಕಡಿಮೆ, ಅದಕ್ಕೇ ಆಯಸ್ಸು ಹೆಚ್ಚು

ಸಾದಾ ಕಾರಿನ ಇಂಜಿನ್ ಅತಿ ಹೆಚ್ಚು ಸವೆಯುವುದು ಎಲ್ಲಿ? ತಣ್ಣಗಿದ್ದಾಗ ಸೆಲ್ಫ್ ಹೊಡೆದು ಎಬ್ಬಿಸುವಾಗ, ಆಯಿಲ್ ಇನ್ನೂ ಮೇಲಕ್ಕೆ ಏರದಿರುವಾಗ. ಮತ್ತೆ, ನಿಂತ ಜಾಗದಿಂದ ಭಾರ ಎಳೆಯುವಾಗ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಈ ಎರಡೂ ಹಗುರವಾಗುತ್ತವೆ. ಟೊಯೊಟಾದ ವ್ಯವಸ್ಥೆಯಲ್ಲಿ ಬೇರೆ ಸೆಲ್ಫ್ ಮೋಟರ್ ಇಲ್ಲ. ದೊಡ್ಡ ಜನರೇಟರೇ ಇಂಜಿನ್ ಅನ್ನು ಸಲೀಸಾಗಿ ಸಾಕಷ್ಟು ವೇಗಕ್ಕೆ ತಿರುಗಿಸಿ, ಆಮೇಲೆ ಪೆಟ್ರೋಲ್ ಬಿಡುತ್ತದೆ. ಜಗತ್ ಸರ್ಕಲ್ಲಿನಲ್ಲಿ ಸಿಗ್ನಲ್ ಬಿಟ್ಟಾಗ ಗಾಡಿಯನ್ನು ಮೊದಲು ಎಳೆಯುವುದು ಮೋಟರ್, ಇಂಜಿನ್ ಆಮೇಲೆ ಕೂಡಿಕೊಳ್ಳುತ್ತದೆ. ಡೈನಮೊ ಇಲ್ಲ, ಎಸಿ ಕಂಪ್ರೆಸರಿಗೆ ಬೆಲ್ಟ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಕೆಡಬಹುದಾದ ಇಷ್ಟೊಂದು ಸಾಮಾನು ಇಲ್ಲವೇ ಇಲ್ಲ ಎಂಬುದನ್ನು ಜನ ಗಮನಿಸುವುದಿಲ್ಲ, ಬ್ಯಾಟರಿಯೊಂದನ್ನೇ ನೋಡಿ ಹೆದರುತ್ತಾರೆ.

ಈ ಇಂಜಿನ್‌ಗಳು ನಡೆಯುವುದು ಆಟ್ಕಿನ್ಸನ್ ಕ್ರಮದಲ್ಲಿ. ಗಾಳಿ ಒಳಬಿಡುವ ವಾಲ್ವ್ ತಡವಾಗಿ ಮುಚ್ಚುತ್ತದೆ, ಎಳೆದುಕೊಂಡ ಗಾಳಿಯಲ್ಲಿ ಒಂದಿಷ್ಟು ವಾಪಸ್ಸು ಹೋಗುತ್ತದೆ, ಉರಿದ ಅನಿಲಕ್ಕೆ ಹಿಗ್ಗಲು ಹೆಚ್ಚು ದೂರ ಸಿಗುತ್ತದೆ. ಶಕ್ತಿ ಸ್ವಲ್ಪ ಕಡಿಮೆಯಾದರೂ ಪೆಟ್ರೋಲಿನ ಸತ್ವ ವ್ಯರ್ಥವಾಗುವುದು ಕಡಿಮೆ. ಕಡಿಮೆಯಾದ ಶಕ್ತಿಯನ್ನು ಮೋಟರ್ ತುಂಬಿಕೊಡುತ್ತದೆ. ಹೀಗಾಗಿ 1490 ಸಿಸಿಯಿಂದ ಹಿಂಡಿ ತೆಗೆಯುತ್ತಿರುವುದು 92 ಪಿಎಸ್ ಮಾತ್ರ. ಅದೇ ಮಾರುಕಟ್ಟೆಯಲ್ಲಿ 1 ಲೀಟರ್ ಟರ್ಬೊ ಇಂಜಿನ್‌ನಿಂದ 100 ಪಿಎಸ್ ತೆಗೆಯುತ್ತಾರೆ. ಯಾವ ಇಂಜಿನ್ ಮೈಮೇಲೆ ಒತ್ತಡ ಹೆಚ್ಚು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಗೇರ್‌ಬಾಕ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತಿದೆ. ಟೊಯೊಟಾ ಹೈಬ್ರಿಡ್‌ನ ಇ-ಸಿವಿಟಿ ಎಂದರೆ ಬೆಲ್ಟ್ ಮತ್ತು ಪುಲ್ಲಿಯ ಮೇಲೆ ನಡೆಯುವ ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಂದುಕೊಂಡು ಹಿಂದೆ ಸರಿಯುವವರಿದ್ದಾರೆ. ಅದರಲ್ಲಿ ಬೆಲ್ಟೇ ಇಲ್ಲ. ನಡುವೆ ಒಂದು ಹಲ್ಲಿನ ಚಕ್ರ, ಸುತ್ತ ಸುತ್ತುವ ಸಣ್ಣ ಚಕ್ರಗಳು, ಹೊರಗೊಂದು ಬಳೆ, ಇಷ್ಟೇ. ಇಂಜಿನ್ ಮತ್ತು ಎರಡು ಮೋಟರ್‌ಗಳು ಸದಾ ಇದಕ್ಕೆ ಕೂಡಿಕೊಂಡೇ ಇರುತ್ತವೆ. ಕ್ಲಚ್ ಸವೆಯುವ, ಗೇರ್ ಸಿಕ್ಕಿಬೀಳುವ ಮಾತೇ ಬರುವುದಿಲ್ಲ. 1997ರಲ್ಲಿ ಜಪಾನಿನಲ್ಲಿ ಮೊದಲ ಪ್ರಿಯಸ್ ಬಂದಾಗಿನಿಂದ ಇದೇ ಮೂಲ ವಿನ್ಯಾಸ ನಡೆದುಬಂದಿದೆ, ಆ ಕಾರಿನಲ್ಲೂ ಇದ್ದದ್ದು 1.5 ಲೀಟರ್ ಪೆಟ್ರೋಲ್ ಇಂಜಿನ್ನೇ. ಬೇರೆ ಬೇರೆ ದೇಶಗಳಲ್ಲಿ ಟ್ಯಾಕ್ಸಿಯಾಗಿ ಹಗಲು ರಾತ್ರಿ ದುಡಿದ ವ್ಯವಸ್ಥೆ ಇದು.

ಹೋಂಡಾದ ದಾರಿ ಬೇರೆ. ಊರೊಳಗೆ ಇಂಜಿನ್ ಚಕ್ರಕ್ಕೆ ಕೂಡುವುದೇ ಇಲ್ಲ, ಜನರೇಟರ್ ತಿರುಗಿಸಿ ಕರೆಂಟ್ ಕೊಡುತ್ತದೆ, 109 ಪಿಎಸ್‌ನ ಮೋಟರ್ ಗಾಡಿ ಓಡಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಮಾತ್ರ ಒಂದು ಕ್ಲಚ್ ಕೂಡಿಕೊಂಡು ಇಂಜಿನ್ ನೇರವಾಗಿ ಚಕ್ರ ತಿರುಗಿಸುತ್ತದೆ. ಓಡಿಸಲು ಇದು ಟೊಯೊಟಾಕ್ಕಿಂತ ನಯ, ನಾಲ್ಕು ಸಿಲಿಂಡರ್ ಆದ್ದರಿಂದ ನಡುಕವೂ ಕಡಿಮೆ. ಇಂಜಿನ್ ಮಟ್ಟಿಗೆ ಹೇಳುವುದಾದರೆ ನನಗೆ ಇದೇ ಹೆಚ್ಚು ಇಷ್ಟ. ಆದರೆ ಅದು ತಳ ತಗ್ಗಿನ ಸೆಡಾನ್. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ನಮ್ಮ ರಸ್ತೆಗಳನ್ನು ಅಲೆಅಲೆಯಾಗಿಸಿರುತ್ತದೆ, ಹಳ್ಳಿಗೊಂದರಂತೆ ಅಳತೆ ತಪ್ಪಿದ ಹಂಪ್ ಇರುತ್ತದೆ. ಜೇವರ್ಗಿಯಿಂದ ಶಹಾಪುರದ ಕಡೆಗೋ ಆಳಂದದ ಒಳದಾರಿಗಳಿಗೋ ವಾರಕ್ಕೊಮ್ಮೆ ಹೋಗುವವರು ಇದನ್ನು ಯೋಚಿಸಲೇಬೇಕು.

ಮೂರು ಸಿಲಿಂಡರ್ ಬಗ್ಗೆ ಇನ್ನೊಂದು ಮಾತು. ಮೂರು ಸಿಲಿಂಡರಿನ ಇಂಜಿನ್ ತನ್ನ ಉದ್ದಕ್ಕೆ ಆಚೀಚೆ ತೂಗಲು ನೋಡುತ್ತದೆ, ಅದಕ್ಕೇ ನಡುಕ. ಆ ನಡುಕಕ್ಕೂ ಬಾಳಿಕೆಗೂ ಸಂಬಂಧವಿಲ್ಲ. ಸವೆಯುವುದೇನಿದ್ದರೂ ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್. ಸಿಲಿಂಡರ್ ಒಂದು ಕಡಿಮೆಯಾದರೆ ಉಜ್ಜಾಟವೂ ಕಡಿಮೆ. ಸ್ಟೀರಿಂಗ್ ಮೇಲೆ ಕೈಯಿಟ್ಟು ನೋಡಿ, ನಿಮಗೆ ಸಹಿಸಲಾದರೆ ಆಯಿತು.

ಹಾಗಾದರೆ ಇಲ್ಲಿ ಕೆಡುವುದು ಏನು?

ನನ್ನ ಮಾತಿನ ತಿರುಳು ಇಲ್ಲಿದೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು ಧೂಳು. ಶಹಾಬಾದ್, ಚಿತ್ತಾಪುರ, ವಾಡಿ, ಸೇಡಂ, ಮಳಖೇಡ ಈ ಸುತ್ತಿನಲ್ಲಿ ಗಾಡಿ ಓಡಿಸುವವರಿಗೆ ಏರ್ ಫಿಲ್ಟರ್ ಹೇಗೆ ಬೂದಿಬಣ್ಣಕ್ಕೆ ತಿರುಗುತ್ತದೆ ಎಂಬುದು ಗೊತ್ತು. ಸಾದಾ ಕಾರಿನಲ್ಲಿ ಆ ಒಂದು ಫಿಲ್ಟರ್ ನೋಡಿಕೊಂಡರೆ ಸಾಕಿತ್ತು. ಟೊಯೊಟಾ ಬಗೆಯ ಹೈಬ್ರಿಡ್‌ನಲ್ಲಿ ಇನ್ನೊಂದು ಮೂಗಿದೆ. ದೊಡ್ಡ ಬ್ಯಾಟರಿ ಹಿಂದೆ ಡಿಕ್ಕಿಯ ಕಡೆ ಕೂತಿರುತ್ತದೆ, ಅದನ್ನು ತಂಪಾಗಿಡುವುದು ಕಾರಿನೊಳಗಿನ ಗಾಳಿ. ಹಿಂದಿನ ಸೀಟಿನ ಹತ್ತಿರದ ಕಿಂಡಿಯಿಂದ ಆ ಗಾಳಿಯನ್ನು ಒಂದು ಫ್ಯಾನ್ ಎಳೆದುಕೊಳ್ಳುತ್ತದೆ. ಧೂಳು ಆ ಕಿಂಡಿಯ ಜಾಲರಿಗೆ ಮೆತ್ತಿಕೊಂಡರೆ ಬ್ಯಾಟರಿಗೆ ಉಸಿರು ಕಟ್ಟುತ್ತದೆ. ಒಂದೇ ದಿನಕ್ಕೆ ಏನೂ ಆಗುವುದಿಲ್ಲ. ಬೇಸಿಗೆಯಿಂದ ಬೇಸಿಗೆಗೆ ಬ್ಯಾಟರಿ ಬಿಸಿಯಾಗುತ್ತಾ, ತನ್ನನ್ನು ಕಾಪಾಡಿಕೊಳ್ಳಲು ಕಡಿಮೆ ಕೆಲಸ ಮಾಡುತ್ತಾ, ಆ ಭಾರವನ್ನೆಲ್ಲ ಇಂಜಿನ್ ಮೇಲೆ ಹಾಕುತ್ತಾ ಹೋಗುತ್ತದೆ. ಮೈಲೇಜ್ ಇಳಿಯಿತೆಂದು ಜನ ಇಂಜಿನ್ ಬಯ್ಯುವ ಹೊತ್ತಿಗೆ ತಪ್ಪು ಕಿಂಡಿಯಲ್ಲಿರುತ್ತದೆ. ಆ ಕಿಂಡಿಯ ಮುಂದೆ ಚೀಲ, ಹಾಸಿಗೆ, ಮಕ್ಕಳ ಬ್ಯಾಗು ಒಟ್ಟಬೇಡಿ. ಕಿಟಕಿ ತೆರೆದು ಧೂಳಿನ ರಸ್ತೆಯಲ್ಲಿ ಓಡಿಸಬೇಡಿ. ಪ್ರತಿ ಸರ್ವಿಸಿನಲ್ಲೂ ಆ ಜಾಲರಿ ತೆಗೆದು ಸ್ವಚ್ಛ ಮಾಡಲು ಬಾಯಿಬಿಟ್ಟು ಕೇಳಿ, ಮಾಡಿದ್ದನ್ನು ಕಣ್ಣಾರೆ ನೋಡಿ.

ಧಗೆಯದು ಬೇರೆಯೇ ಕತೆ. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಎದುರು ಎಸಿ ಹಾಕಿಕೊಂಡು ಗಾಡಿ ನಿಲ್ಲಿಸಿದರೆ, ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಸಿ ಬ್ಯಾಟರಿಯಿಂದ ನಡೆಯುತ್ತದೆ, ಇಂಜಿನ್ ಆರಿರುತ್ತದೆ. ಬ್ಯಾಟರಿ ಇಳಿದಾಗ ಇಂಜಿನ್ ಎದ್ದು ತುಂಬಿಸಿ ಮತ್ತೆ ಮಲಗುತ್ತದೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಎಸಿ ಕಂಪ್ರೆಸರ್ ಇಂಜಿನ್ನಿನ ಬೆಲ್ಟಿಗೇ ಕಟ್ಟಿಬಿದ್ದಿದೆ. ಸಿಗ್ನಲ್‌ನಲ್ಲಿ ಇಂಜಿನ್ ನಿಂತರೆ ಎಸಿಯೂ ನಿಲ್ಲಬೇಕು, ಒಳಗೆ ಬಿಸಿಯಾದ ಕೂಡಲೇ ಇಂಜಿನ್ ಮತ್ತೆ ಏಳುತ್ತದೆ ಅಥವಾ ನಿಲ್ಲುವುದೇ ಇಲ್ಲ. ಅಂದರೆ ಮೈಲ್ಡ್ ಹೈಬ್ರಿಡ್ ಉಳಿಸುವ ನಾಲ್ಕು ಹನಿ ಪೆಟ್ರೋಲ್ ಕೂಡ ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಕೆ15ಸಿ ಒಳ್ಳೆಯ ಇಂಜಿನ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಊರೂರಿಗೆ ಬಿಚ್ಚಿ ಜೋಡಿಸಬಲ್ಲವರು ಸಿಗುತ್ತಾರೆ. ಅದನ್ನು ಇಂಜಿನ್‌ಗಾಗಿ ಕೊಳ್ಳಿ. ಹೈಬ್ರಿಡ್ ಎಂಬ ಬಿಲ್ಲೆ ನೋಡಿ ಕೊಳ್ಳಬೇಡಿ.

ಕೂಲೆಂಟ್ ಬಗ್ಗೆ ಬೇಡಿಕೊಳ್ಳುತ್ತೇನೆ: ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಗಡಸು ನೀರು ಪಾತ್ರೆಯಲ್ಲೇ ಬಿಳಿ ಪೊರೆ ಕಟ್ಟುತ್ತದೆ, ರೇಡಿಯೇಟರ್ ಒಳಗಿನ ಸಣ್ಣ ಕೊಳವೆಗಳಲ್ಲಿ ಕಟ್ಟದೆ ಇದ್ದೀತೇ? ಟೊಯೊಟಾ ಹೈಬ್ರಿಡ್‌ನಲ್ಲಿ ಕೂಲೆಂಟಿನ ಸುತ್ತು ಎರಡು, ಒಂದು ಇಂಜಿನ್‌ಗೆ, ಇನ್ನೊಂದು ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸಿಕೊಡುವ ಇನ್ವರ್ಟರಿಗೆ. ಬಾನೆಟ್ ಎತ್ತಿದರೆ ಎರಡು ಡಬ್ಬಿ ಕಾಣುತ್ತವೆ. ಎರಡನೆಯದನ್ನು ಮರೆಯುವವರೇ ಹೆಚ್ಚು.

ತುಂಡು ಓಡಾಟವೂ ಇಂಜಿನ್‌ಗೆ ಒಳ್ಳೆಯದಲ್ಲ. ಮನೆಯಿಂದ ಶಾಲೆ, ಶಾಲೆಯಿಂದ ಗಂಜ್, ಗಂಜ್‌ನಿಂದ ಮನೆ, ಇಷ್ಟರಲ್ಲಿ ಹೈಬ್ರಿಡ್ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಅರೆಬಿಸಿಯಲ್ಲಿ ಎದ್ದು ಮಲಗುವ ಇಂಜಿನ್ನಿನ ಆಯಿಲಿಗೆ ಪೆಟ್ರೋಲಿನ ಪಸೆ ಮತ್ತು ನೀರಿನ ಅಂಶ ಸೇರುತ್ತದೆ. ಚಳಿ ದೇಶಗಳಲ್ಲಿ ಇದು ದೊಡ್ಡ ತಲೆನೋವು, ನಮ್ಮ ಬಿಸಿಲು ಈ ಒಂದು ವಿಷಯದಲ್ಲಿ ನಮ್ಮ ಪರವಾಗಿದೆ. ಆದರೂ ವಾರಕ್ಕೊಮ್ಮೆ ಬುದ್ಧ ವಿಹಾರ ದಾಟಿ ಸೇಡಂ ರಸ್ತೆಯಲ್ಲೋ ಹುಮನಾಬಾದ್ ರಸ್ತೆಯಲ್ಲೋ ಅರ್ಧ ಗಂಟೆ ಓಡಿಸಿ ಬಂದರೆ ಆಯಿಲ್ ಚೆನ್ನಾಗಿ ಬಿಸಿಯಾಗುತ್ತದೆ. ಕಿಲೋಮೀಟರ್ ಆಗಲಿಲ್ಲವೆಂದು ಆಯಿಲ್ ಬದಲಿಯನ್ನು ಮುಂದೂಡಬೇಡಿ, ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಹಾಕುವುದು ಕೈಪಿಡಿಯಲ್ಲಿ ಬರೆದ ತೆಳು ಆಯಿಲ್ಲೇ ಆಗಿರಲಿ. ಬಿಸಿಲಿಗೆ ದಪ್ಪ ಆಯಿಲ್ ಒಳ್ಳೆಯದೆಂಬ ಹಳೇ ಡೀಸೆಲ್ ಗಾಡಿಗಳ ಕಾಲದ ಸಲಹೆ ಇಲ್ಲಿ ಹೊಂದುವುದಿಲ್ಲ. ಈ ಇಂಜಿನ್‌ಗಳ ಒಳಭಾಗಗಳನ್ನು ತೆಳು ಆಯಿಲಿಗೆ ತಕ್ಕಂತೆಯೇ ಮಾಡಿರುತ್ತಾರೆ.

ಇಂಗಾಲವನ್ನೂ ಮರೆಯಬಾರದು. ಹೈಬ್ರಿಡ್ ಇಂಜಿನ್‌ಗಳಲ್ಲಿ ಹೊಗೆಯ ಒಂದು ಪಾಲನ್ನು ತಂಪು ಮಾಡಿ ಮತ್ತೆ ಒಳಗೆ ಕಳಿಸುವ ಇಜಿಆರ್ ದಾರಿ ಸಾಮಾನ್ಯವಾಗಿ ಇರುತ್ತದೆ. ಮೂರನೇ ತಲೆಮಾರಿನ ಪ್ರಿಯಸ್‌ನ 1.8 ಲೀಟರ್ ಇಂಜಿನ್‌ನಲ್ಲಿ ಈ ದಾರಿ ಮಸಿಯಿಂದ ಕಟ್ಟಿಕೊಂಡು, ಕೊನೆಗೆ ಇಂಜಿನ್ ತಲೆಭಾಗದ ಸೀಲು, ಹೆಡ್ ಗ್ಯಾಸ್ಕೆಟ್, ಹೋಗುವವರೆಗೆ ತಲುಪಿದ್ದು ಹೊರದೇಶದ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದು ಬೇರೆ ಇಂಜಿನ್, ಆದರೆ ಪಾಠ ಒಂದೇ. ಲಕ್ಷ ಕಿಲೋಮೀಟರ್ ಹತ್ತಿರ ಬಂದಾಗ ಇಜಿಆರ್ ಬಿಚ್ಚಿ ನೋಡಲು ಹೇಳಿ.

ಊರು ಬಿಟ್ಟು ತಿಂಗಳುಗಟ್ಟಲೆ ಮಕ್ಕಳ ಮನೆಗೆ ಬೆಂಗಳೂರಿಗೋ ಪುಣೆಗೋ ಹೋಗುವ ಹಿರಿಯರಿಗೆ ಇನ್ನೊಂದು ಎಚ್ಚರಿಕೆ. ಹೈಬ್ರಿಡ್ ಕಾರಿನಲ್ಲೂ ಸಾದಾ 12 ವೋಲ್ಟ್ ಬ್ಯಾಟರಿ ಇರುತ್ತದೆ, ಗಾಡಿಯ ಕಂಪ್ಯೂಟರನ್ನು ಎಬ್ಬಿಸುವುದು ಅದು. ನಿಂತಲ್ಲೇ ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ವಾರಕ್ಕೊಮ್ಮೆ ಗಾಡಿ ಆನ್ ಮಾಡಿ, ಮೀಟರಿನಲ್ಲಿ ರೆಡಿ ಎಂಬ ದೀಪ ಹತ್ತಿದ ಮೇಲೆ ಅರ್ಧ ಗಂಟೆ ಹಾಗೇ ಇಡಲು ನೆರೆಯವರಿಗೆ ಹೇಳಿ ಹೋಗಿ. ಧಾನ್ಯದ ಗೋದಾಮಿನ ಪಕ್ಕ ನಿಲ್ಲಿಸುವವರಿಗೆ ಇಲಿಯ ಕಾಟ ಹೇಳಿಕೊಡಬೇಕಿಲ್ಲ. ಹೈಬ್ರಿಡ್‌ನ ಕಿತ್ತಳೆ ಬಣ್ಣದ ವೈರು ಕಡಿದರೆ ಬೀದಿ ಗ್ಯಾರೇಜಿನಲ್ಲಿ ಟೇಪ್ ಸುತ್ತಿ ಸರಿಮಾಡುವ ಕೆಲಸವಲ್ಲ ಅದು, ಜೀವ ತೆಗೆಯುವಷ್ಟು ವೋಲ್ಟೇಜ್ ಅದರಲ್ಲಿ ಹರಿಯುತ್ತದೆ.

ಟರ್ಬೊ ಯಾಕೆ ಬೇಡ ಅನ್ನುತ್ತೇನೆ

ಫ್ರಾಂಕ್ಸ್‌ನ 1 ಲೀಟರ್ ಟರ್ಬೊ ಓಡಿಸಲು ಖುಷಿ ಕೊಡುವ ಇಂಜಿನ್, ಬೀದರ್ ದಾರಿಯಲ್ಲಿ ಲಾರಿ ದಾಟುವಾಗ ಅದರ ಪಿಕಪ್ ಎದ್ದು ಕಾಣುತ್ತದೆ. ಆದರೆ ಟರ್ಬೊ ಎಂದರೆ ಕೆಂಪಗೆ ಕಾಯುವ ಚಕ್ರ, ಅದನ್ನು ಕಾಪಾಡುವುದು ಮುಖ್ಯವಾಗಿ ಆಯಿಲ್. ಹೆದ್ದಾರಿಯಲ್ಲಿ ಜೋರಾಗಿ ಬಂದು ಢಾಬಾ ಮುಂದೆ ತಟ್ಟನೆ ಆರಿಸುವ ಅಭ್ಯಾಸ, ತಡವಾಗುವ ಆಯಿಲ್ ಬದಲಿ, 43 ಡಿಗ್ರಿ ಬಿಸಿಲು ಈ ಮೂರೂ ಕೂಡಿದರೆ ಅದರ ಆಯಸ್ಸು ಕುಗ್ಗುತ್ತದೆ. ಚೆನ್ನಾಗಿ ನೋಡಿಕೊಳ್ಳುವವರಿಗೆ ತೊಂದರೆಯಿಲ್ಲ. ಮನೆಮಂದಿಯೆಲ್ಲ ಓಡಿಸುವ, ಡ್ರೈವರ್ ಕೈಗೂ ಹೋಗುವ ಗಾಡಿಗೆ ನಾನು ಇದನ್ನು ಹೇಳಲಾರೆ.

ಇ20 ಪೆಟ್ರೋಲ್

ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕಿನಲ್ಲೂ ಬಂದಿದೆ. ಎಥನಾಲ್‌ನ ಸತ್ವ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಆ ಲೆಕ್ಕದಲ್ಲಿ ಇಂಧನದ ಸತ್ವ ಶೇ. 6-7 ಇಳಿಯುತ್ತದೆ. ಇದು ಹೈಬ್ರಿಡ್‌ಗೂ ಒಂದೇ, ಸಾದಾ ಕಾರಿಗೂ ಒಂದೇ. ಹೈಬ್ರಿಡ್‌ನವರು ಗಮನಿಸಬೇಕಾದದ್ದು ಬೇರೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಖರ್ಚು ಕಡಿಮೆಯಾದ್ದರಿಂದ ಟ್ಯಾಂಕಿನಲ್ಲಿ ಅದು ಬಹಳ ದಿನ ಕೂರುತ್ತದೆ. ಓಡಾಟ ಕಡಿಮೆಯಿದ್ದರೆ ಒಮ್ಮೆಲೇ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ. ಬೇಕಾದಷ್ಟು ಹಾಕಿಸಿ, ಖಾಲಿ ಮಾಡಿ, ಹೊಸದು ಹಾಕಿಸಿ. ಹಳೆಯ ಗಾಡಿ ಕೊಳ್ಳುವವರು ಟ್ಯಾಂಕ್ ಮುಚ್ಚಳದ ಬಳಿ ಇ20 ಚೀಟಿ ಇದೆಯೇ ನೋಡಿ. 2023ರ ಏಪ್ರಿಲ್‌ಗೂ ಮೊದಲು ತಯಾರಾದ ಗಾಡಿಯಾದರೆ ಆ ಮಾದರಿಯ ರಬ್ಬರ್ ಪೈಪು, ಸೀಲ್‌ಗಳು ಇ20ಕ್ಕೆ ಒಗ್ಗುತ್ತವೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬರಹದಲ್ಲಿ ಕೇಳಿ ಪಡೆಯಿರಿ.

ದುಡ್ಡಿನ ಲೆಕ್ಕ

ಕಂಪನಿ ಹೇಳುವ ಅಂಕಿ ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ. ಅದನ್ನು ಪಕ್ಕಕ್ಕಿಡೋಣ. ಊರೊಳಗೆ ಎಸಿ ಹಾಕಿಕೊಂಡು ಹೈಬ್ರಿಡ್ 22, ಅದೇ ಗಾಡಿಯ ಮೈಲ್ಡ್ ಮ್ಯಾನುವಲ್ 15, ಮೈಲ್ಡ್ ಆಟೊಮ್ಯಾಟಿಕ್ 14 ಕೊಡುತ್ತದೆ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಲೀಟರಿಗೆ ₹103 ಎನ್ನೋಣ. ಮ್ಯಾನುವಲ್‌ಗಿಂತ ಹೈಬ್ರಿಡ್‌ಗೆ ₹3 ಲಕ್ಷ ಹೆಚ್ಚು, ಆಟೊಮ್ಯಾಟಿಕ್‌ಗಿಂತ ₹2 ಲಕ್ಷ ಹೆಚ್ಚು ಎಂದು ಹಿಡಿಯೋಣ. ನಿಮ್ಮ ಶೋರೂಮಿನ ಬೆಲೆ ಹಾಕಿ ನೀವೇ ಮತ್ತೆ ಲೆಕ್ಕ ಮಾಡಿ.

ಮ್ಯಾನುವಲ್‌ಗೆ ಹೋಲಿಸಿದರೆ ಪ್ರತಿ ಸಾವಿರ ಕಿಲೋಮೀಟರಿಗೆ ಸುಮಾರು ₹2,185 ಉಳಿಯುತ್ತದೆ, ಮೂರು ಲಕ್ಷ ವಾಪಸ್ಸಾಗಲು 1,37,000 ಕಿ.ಮೀ. ಓಡಬೇಕು. ತಿಂಗಳಿಗೆ 800 ಕಿ.ಮೀ. ಓಡಿಸುವವರಿಗೆ ಅದು ಹದಿನಾಲ್ಕು ವರ್ಷ. ಹೈಬ್ರಿಡ್ ಬ್ಯಾಟರಿಗೆ ಟೊಯೊಟಾ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಅವರ ಎಂಟು ವರ್ಷ ಮುಗಿದಾಗ ಗಾಡಿ ಓಡಿರುವುದು 77,000 ಕಿ.ಮೀ. ಹತ್ತಿರ. ಅಂದರೆ ಅಸಲು ಕೈಗೆ ಬರುವ ಮೊದಲೇ ವಾರಂಟಿ ಮುಗಿಯಿತು.

ಆಟೊಮ್ಯಾಟಿಕ್ಕೇ ಬೇಕು ಎನ್ನುವವರ ಲೆಕ್ಕ ಬೇರೆಯಾಗುತ್ತದೆ. ಅವರಿಗೆ ಸಾವಿರ ಕಿಲೋಮೀಟರಿಗೆ ₹2,675ರಷ್ಟು ಉಳಿತಾಯ, 75,000 ಕಿ.ಮೀ. ಹೊತ್ತಿಗೆ ಅಸಲು ವಾಪಸ್ಸು. ತಿಂಗಳಿಗೆ 800 ಓಡಿಸಿದರೂ ಎಂಟು ವರ್ಷದೊಳಗೆ, ವಾರಂಟಿ ಇರುವಾಗಲೇ. ಮಂಡಿ ನೋವಿನ ಕಾರಣಕ್ಕೆ, ಊರೊಳಗಿನ ಟ್ರಾಫಿಕ್ಕಿಗೆ ಬೇಸತ್ತು ಕ್ಲಚ್ ಬಿಡಬೇಕೆಂದಿರುವವರು ಸ್ಟ್ರಾಂಗ್ ಹೈಬ್ರಿಡ್ ಅನ್ನು ಗಂಭೀರವಾಗಿ ನೋಡಲೇಬೇಕು.

ಇನ್ನೊಂದು ಕಡೆ ಜನ ಎಡವುವುದನ್ನು ನೋಡುತ್ತಿರುತ್ತೇನೆ. "ನಾನು ವಾರಾ ವಾರಾ ಹೈದರಾಬಾದಿಗಿ ಹೋಗ್ತೀನ್ರಿ, ಭಾಳ ಓಡ್ತದ, ಹೈಬ್ರಿಡ್ಡೇ ತೊಗೋಬೇಕು" ಎನ್ನುತ್ತಾರೆ. ಖಾಲಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಬ್ರೇಕಿನಿಂದ ಕರೆಂಟ್ ವಾಪಸ್ಸು ಪಡೆಯುವ ಅವಕಾಶವೇ ಇಲ್ಲ, ಇಂಜಿನ್ ಹೆಚ್ಚು ಹೊತ್ತು ಉರಿಯುತ್ತಲೇ ಇರುತ್ತದೆ. ಅಲ್ಲಿ ಹೈಬ್ರಿಡ್ 23, ಮೈಲ್ಡ್ ಮ್ಯಾನುವಲ್ 20 ಕೊಟ್ಟರೆ ಸಾವಿರ ಕಿಲೋಮೀಟರಿಗೆ ಉಳಿಯುವುದು ₹670ರ ಸುತ್ತ. ಅಂಥವರಿಗೆ ಕೆ15ಸಿ ಮ್ಯಾನುವಲ್ ಸಾಕು. ಹೈಬ್ರಿಡ್ ಹಣ ಮರಳಿಸುವುದು ಊರೂರು ನಿಂತು ಹೋಗುವವರಿಗೆ: ಅಂಗಡಿಯಿಂದ ಅಂಗಡಿಗೆ ತಿರುಗುವ ಔಷಧ ಕಂಪನಿಯ ಪ್ರತಿನಿಧಿಗೆ, ಮೂರು ಆಸ್ಪತ್ರೆಗಳ ನಡುವೆ ಓಡಾಡುವ ಡಾಕ್ಟರಿಗೆ, ಸೈಟಿನಿಂದ ಸೈಟಿಗೆ ಹೋಗುವ ಗುತ್ತಿಗೆದಾರರಿಗೆ. ಇಂಥ ಓಡಾಟ ತಿಂಗಳಿಗೆ 2500 ಕಿ.ಮೀ. ದಾಟಿದರೆ ಮ್ಯಾನುವಲ್‌ಗೆ ಹೋಲಿಸಿದರೂ ನಾಲ್ಕೂವರೆ ವರ್ಷದಲ್ಲಿ ಅಸಲು ಬರುತ್ತದೆ.

ದಿನಕ್ಕೆ ಹತ್ತು ಹದಿನೈದು ಕಿಲೋಮೀಟರಿನ ಮನೆ ಬಳಕೆಗೆ ಸಾದಾ 1.2 ಸಾಕು. ನಾಲ್ಕು ಸಿಲಿಂಡರಿನ ಕೆ12ಎನ್ ನನ್ನ ಮೊದಲ ಆಯ್ಕೆ: ಸುಮಾರು 90 ಪಿಎಸ್, ಟೈಮಿಂಗ್ ಚೈನ್, ಟರ್ಬೊ ಇಲ್ಲ, ಯಾದಗಿರಿ, ಸುರಪುರ, ಭಾಲ್ಕಿಯಲ್ಲೂ ಬಿಡಿಭಾಗ ಸಿಗುತ್ತದೆ. ಝಡ್12ಇ ಇನ್ನೂ ಹೊಸದು, ಅಂಕಿ ಚೆನ್ನಾಗಿದೆ, ಸ್ವಿಫ್ಟ್ ಮ್ಯಾನುವಲ್‌ಗೆ ಕಂಪನಿ ಹೇಳುವುದು ಲೀಟರಿಗೆ 24.8 ಕಿ.ಮೀ. ಆದರೆ ಲಕ್ಷಾಂತರ ಕಿಲೋಮೀಟರ್ ಓಡಿದ ಅನುಭವ ಅದಕ್ಕೆ ಇನ್ನೂ ಕೂಡಬೇಕಿದೆ.

ಮುಂಗಡ ಕೊಡುವ ಮೊದಲು

ಹೈಬ್ರಿಡ್ ತರಬೇತಿ ಪಡೆದ ಮೆಕ್ಯಾನಿಕ್ ಯಾವ ಊರಿನಲ್ಲಿ ಕೂರುತ್ತಾನೆ ಎಂದು ಕೇಳಿ. ಕಲಬುರಗಿಯಲ್ಲೇ ಎಂದರೆ ಹೋಗಿ ಮಾತಾಡಿಸಿ. ಇನ್ವರ್ಟರ್ ತೊಂದರೆ ಬಂದರೆ ಗಾಡಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕು ಎಂದಾದರೆ, ಬೀದರಿನವರಿಗೂ ಯಾದಗಿರಿಯವರಿಗೂ ಅದು ಎಷ್ಟು ದಿನದ ಕೆಲಸ ಎಂದು ಲೆಕ್ಕ ಹಾಕಿ. ಸಿಟಿ ಇ-ಎಚ್‌ಇವಿ ಮೆಚ್ಚಿದವರು ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ವಾರಂಟಿಯಲ್ಲಿ ಬ್ಯಾಟರಿಯ ಜೊತೆ ಇನ್ವರ್ಟರ್, ಮೋಟರ್ ಎಷ್ಟು ವರ್ಷ ಸೇರಿವೆ ಎಂಬುದನ್ನು ಕಾಗದದಲ್ಲಿ ಓದಿ. ಹಳೆಯ ಹೈಬ್ರಿಡ್ ಆದರೆ ಹೈಬ್ರಿಡ್ ಬ್ಯಾಟರಿಯ ತಪಾಸಣೆ ವರದಿ ಮತ್ತು ಪ್ರತಿ ವರ್ಷದ ಸರ್ವಿಸ್ ದಾಖಲೆ ಇಲ್ಲದೆ ಮಾತು ಮುಂದುವರಿಸಬೇಡಿ. ಮಳೆಗಾಲದಲ್ಲಿ ನೀರು ನಿಲ್ಲುವ ಬಡಾವಣೆಯ ಗಾಡಿಯಾದರೆ ಡಿಕ್ಕಿಯ ಚಾಪೆ ಎತ್ತಿ ಕೆಸರಿನ ಗುರುತು ನೋಡಿ.

ಟೆಸ್ಟ್ ಡ್ರೈವ್ ಬೆಳಿಗ್ಗೆ ತಂಪಿನಲ್ಲಿ ಬೇಡ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಮನೆಯವರನ್ನೆಲ್ಲ ಕೂರಿಸಿ, ಎಸಿ ಪೂರ್ತಿ ಹಾಕಿ, ಆಳಂದ ನಾಕಾದ ಗದ್ದಲದಲ್ಲಿ ಸಿಕ್ಕಿಕೊಂಡು ನೋಡಿ. ಇಂಜಿನ್ ಎಷ್ಟು ಸಲ ಏಳುತ್ತದೆ, ಎದ್ದಾಗ ಸೀಟು ನಡುಗುತ್ತದೆಯೇ, ಎಸಿ ತಂಪು ಇಳಿಯುತ್ತದೆಯೇ, ಹಿಂದಿನ ಸೀಟಿನ ಬಳಿ ಫ್ಯಾನಿನ ಸದ್ದು ಏರುತ್ತದೆಯೇ ಎಂದು ಕಿವಿಗೊಡಿ. ಆಮೇಲೆ ಹುಮನಾಬಾದ್ ರಸ್ತೆಗೆ ಹೊರಳಿಸಿ ಒಮ್ಮೆ ಪೂರ್ತಿ ಒತ್ತಿ ಲಾರಿ ದಾಟಿಸಿ ನೋಡಿ. ಆಗ ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿಯ ವೇಗ ಆ ಕೂಗಿಗೆ ತಕ್ಕಂತೆ ಏರದೆ ನಿಧಾನವಾಗಿ ಏರುತ್ತದೆ. ಅದು ಕೆಟ್ಟದ್ದಲ್ಲ, ಅದರ ನಡೆಯೇ ಹಾಗೆ. ಆ ಸದ್ದು ದಿನಾ ಕೇಳಲು ನಿಮಗೆ ಒಪ್ಪಿಗೆಯೇ ಎಂಬುದನ್ನು ಅಲ್ಲೇ ತೀರ್ಮಾನಿಸಿ, ಆಮೇಲೆ ಶೋರೂಮಿಗೆ ವಾಪಸ್ಸು ಬಂದು ಬೆಲೆಯ ಮಾತು ತೆಗೆಯಿರಿ.